ಮುಂದಿನ ನಾಲ್ಕು ಹಲ್ಲು

ಮೇ 6, ಸೋಮವಾರ

ನಾನು ಎವೇಲಿಯೊ ಮಸೀಸ್, ಕಾರ್ತಾಗೊ ಊರಿನ ಬ್ಯಾಂಡಿನ ಮೊದಲ ಟ್ರಂಪೆಟ್. ನನ್ನ ಬಾಯಿ ನಾರುತ್ತಿದೆ. ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತಾಲೀಮಿನ ನಡುವೆ ಮೇಲಿನ ಸ್ವರ ಹಿಡಿದಾಗ ನಾಲಿಗೆಗೆ ಉಪ್ಪುಪ್ಪಾಗಿ ಏನೋ ತಾಗಿತು. ಟ್ರಂಪೆಟ್ ಇಳಿಸಿ ನೋಡಿದರೆ ತುಟಿಗೆ ಒತ್ತುವ ಬಟ್ಟಲಿನ ಅಂಚಿಗೆ ರಕ್ತದ ಎಳೆ, ಅದರ ಜೊತೆ ಹಳದಿ. ಕರವಸ್ತ್ರದಲ್ಲಿ ಒರೆಸಿಕೊಂಡೆ. ಪಕ್ಕದ ಗ್ರೇವಿನ್ ನೋಡಿಬಿಟ್ಟ. ಎರಡನೇ ಟ್ರಂಪೆಟ್ ಊದುವವನಿಗೆ ಮೊದಲನೆಯವನ ಬಾಯಿ ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಕಾಣುವುದಿಲ್ಲ.

“ಏನ್ ಗುರುಗಳೇ, ತುಟಿ ಕಚ್ಕೊಂಡ್ರಾ?” ಅಂದ.

“ನೀನು ಊದೋದು ಕೇಳ್ತಾ ಹಲ್ಲು ಕಚ್ಚಿ ಕೂತಿದ್ದೆ. ಅದಕ್ಕೆ” ಅಂದೆ. ಹಿಂದಿನ ಸಾಲಿನವರು ನಕ್ಕರು. ಗ್ರೇವಿನ್ನೂ ನಕ್ಕ.

ಮುಂದಿನ ನಾಲ್ಕು ಹಲ್ಲು ನನ್ನ ಸ್ವಂತದ್ದಲ್ಲ ಎನ್ನುವುದು ಬ್ಯಾಂಡಿನಲ್ಲಿ ಯಾರಿಗೂ ತಿಳಿಯದು. ಒಸಡಿನ ರೋಗಕ್ಕೆ ಸ್ವಂತ ಹಲ್ಲು ಹೋದಾಗ, ರಜೆ ಹಾಕಿ ರಾಜಧಾನಿ ಸಾನ್ ಹೊಸೆಗೆ ಹೋಗಿ ದವಡೆ ಮೂಳೆಯೊಳಗೆ ಎರಡು ಇಂಪ್ಲಾಂಟ್ ಕೂರಿಸಿಕೊಂಡು, ಅದರ ಮೇಲೆ ನಾಲ್ಕು ಹಲ್ಲು ಕಟ್ಟಿಸಿಕೊಂಡು ಬಂದವನು ನಾನು. ಗೋಡೆಗೆ ತಿರುಪು ಬಿಗಿದ ಹಾಗೆ ಬಿಗಿದಿದ್ದಾರೆ, ಇನ್ನು ಸಾಯುವವರೆಗೆ ಚಿಂತೆಯಿಲ್ಲ ಅಂದುಕೊಂಡಿದ್ದೆ.

ಮನೆಗೆ ಬಂದವನೇ ಉಪ್ಪುನೀರು ಕಾಯಿಸು ಎಂದು ಬಾಗಿಲಿನಿಂದಲೇ ಕೂಗಿದೆ. ಮನೆಯವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ತಿರುಗಲೇ ಇಲ್ಲ. ಬೇಕಾದ್ದನ್ನು ಮಾತ್ರ ಕೇಳುವ ಕಿವಿ ಅವಳದು. ನಾನೇ ಕಾಯಿಸಿಕೊಂಡೆ.

ಮೇ 9, ಗುರುವಾರ

ಡಾಕ್ಟರ್ ಉಮಾನ್ಯಾ ಒಸಡಿನ ತಜ್ಞೆ. ಚಿಕ್ಕ ವಯಸ್ಸು, ಮೆತ್ತನೆಯ ಕೈ, ಕಹಿ ಮಾತು. ಗೀಟು ಹಾಕಿದ ತೆಳ್ಳನೆಯ ಕಡ್ಡಿಯೊಂದನ್ನು ಇಂಪ್ಲಾಂಟಿನ ಪಕ್ಕದಲ್ಲಿ ಒಸಡಿನೊಳಗೆ ಇಳಿಸಿದರು. ಅದು ಇಳಿಯುತ್ತಲೇ ಹೋಯಿತು. ತೆಗೆದಾಗ ಅದರ ಹಿಂದೆಯೇ ರಕ್ತ, ಕೀವು.

“ಯಾವಾಗಿಂದ ಬರ್ತಿದೆ, ದೋನ್ ಎವೇಲಿಯೊ?”

“ಸೋಮವಾರದಿಂದ.”

“ಸೋಮವಾರ ನಿಮ್ಮ ಕಣ್ಣಿಗೆ ಬಿತ್ತು. ಇದು ಶುರುವಾಗಿ ವರ್ಷದ ಮೇಲಾಗಿದೆ.”

ಎಕ್ಸ್-ರೇ ತೋರಿಸಿದರು. ಬೆಳ್ಳಗಿನ ಎರಡು ತಿರುಪು, ಎರಡರ ಸುತ್ತಲೂ ಬಟ್ಟಲಿನಂಥ ಕಪ್ಪು. ಹೊಳೆದಂಡೆಯ ಮರದ ಬುಡದಿಂದ ಮಣ್ಣು ಕೊಚ್ಚಿಹೋದ ಹಾಗೆ ಕಂಡಿತು.

“ಒಸಡು ಮಾತ್ರ ಊದಿಕೊಂಡಿದ್ರೆ ತೊಳೆದು ವಾಸಿ ಮಾಡ್ತಿದ್ದೆ. ಇದು ಮೂಳೆಗೆ ಇಳಿದಿದೆ. ಹೋದ ಮೂಳೆ ತಾನಾಗಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ಆಗುತ್ತಾ ನೋಡೋಣ.”

“ಲೋಹಕ್ಕೆ ಹುಳ ಹಿಡಿಯುತ್ತಾ ಡಾಕ್ಟ್ರೇ?”

“ಲೋಹಕ್ಕೆ ಹಿಡಿಯಲ್ಲ. ಅದನ್ನ ಹಿಡ್ಕೊಂಡಿರೋ ಮೂಳೆಗೆ ಹಿಡಿಯುತ್ತೆ. ಮೊದಲು ನಿಮ್ಮ ಸ್ವಂತ ಹಲ್ಲು ತಿಂದದ್ದು ಯಾವುದೋ, ಅದೇ ಈಗ ಇದನ್ನೂ ತಿಂತಿದೆ. ಸಿಗರೇಟ್ ಸೇದ್ತೀರಾ?”

“ಕಛೇರಿ ಮುಗಿದ ಮೇಲೆ ಒಂದು.”

“ಇನ್ಮೇಲೆ ಅದೂ ಬೇಡ. ಟ್ರಂಪೆಟ್ಟೂ ನಾನು ಹೇಳೋವರೆಗೆ ಬೇಡ.”

ಆಗಸ್ಟ್ ಎರಡಕ್ಕೆ ಆಗುತ್ತದೆಯೇ ಎಂದು ಕೇಳಿದೆ. ಅವತ್ತು ನಮ್ಮ ಕರಿಮಾತೆಯ ಹಬ್ಬ. ಬೆಳಗಾಗುವ ಹೊತ್ತಿಗೆ ಚರ್ಚಿನ ಮೆಟ್ಟಿಲ ಮೇಲೆ ಒಬ್ಬನೇ ನಿಂತು ಟ್ರಂಪೆಟ್ಟಿನಲ್ಲಿ ಮಾತೆಯನ್ನು ಎಬ್ಬಿಸುವವನು ನಾನು. ಬೇರೆ ಯಾರೂ ಅದನ್ನು ಊದಿದ್ದು ನನ್ನ ಕಾಲದಲ್ಲಿ ಇಲ್ಲ.

ಡಾಕ್ಟರ್ ಎಕ್ಸ್-ರೇ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ.

ಮೇ 20, ಸೋಮವಾರ

ಒಸಡಿನ ಕೆಳಗೆಲ್ಲ ಕೆರೆದು ತೊಳೆದಿದ್ದಾರೆ. ಎರಡು ಬಗೆಯ ಮಾತ್ರೆ, ಬಾಯಿ ಮುಕ್ಕಳಿಸಲು ಒಂದು ಔಷಧಿ. ಮಾತ್ರೆಯ ದೆಸೆಯಿಂದ ತುಕ್ಕು ಹಿಡಿದ ಮೊಳೆ ಚೀಪಿದ ರುಚಿ ನಾಲಿಗೆಯಿಂದ ಹೋಗುವುದಿಲ್ಲ. ಬೆಲ್ಲದ ನೀರು ಕುಡಿದರೂ ಅದೇ, ಸಾರು ಕುಡಿದರೂ ಅದೇ.

ಮನೆಯವಳು ಶಾಲೆಯ ಅಡುಗೆಮನೆಯಲ್ಲಿ ಇಡೀ ದಿನ ಮಕ್ಕಳಿಗೆ ಬೇಯಿಸಿ ಬಂದು, ನನಗೆ ಸೀಮೆಬದನೆ ಬೇಯಿಸಿ ಕಿವುಚಿ ಕೊಡುತ್ತಾಳೆ. ಹಸುಗೂಸಿನ ಊಟ. ತಟ್ಟೆ ಆಚೆ ತಳ್ಳಿದೆ. ಟೀವಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಹಾಕಿಕೊಂಡು ಕೂತಿದ್ದಳು. ಸದ್ದು ಕಡಿಮೆ ಮಾಡು, ತಲೆ ಸಿಡಿಯುತ್ತಿದೆ ಎಂದೆ. ಮಾಡಲಿಲ್ಲ. ಎದ್ದು ಹೋಗಿ ಟೀವಿಯನ್ನೇ ಆರಿಸಿದೆ. ನನ್ನ ಮುಖ ನೋಡಿದಳು, ತಟ್ಟೆ ಎತ್ತಿಕೊಂಡು ಹೋದಳು.

ಎದುರು ಮನೆಯವರ ಮುಂದೆ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ರೂಢಿಯಾಗಿಬಿಟ್ಟಿದೆ.

ಜೂನ್ 3, ಸೋಮವಾರ

ಕೀವು ನಿಂತಿದೆ. ಡಾಕ್ಟರ್ ಕಡ್ಡಿ ಇಳಿಸಿದಾಗ ಬಂದದ್ದು ಒಂದು ಹನಿ ರಕ್ತ. ಮೆಲ್ಲಗೆ, ದಿನಕ್ಕೆ ಸ್ವಲ್ಪ ಹೊತ್ತು ಊದಿ ನೋಡಿ ಎಂದರು.

ಮನೆಗೆ ಓಡಿಬಂದೆ ಎಂದರೂ ತಪ್ಪಿಲ್ಲ. ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಟ್ರಂಪೆಟ್ ಎತ್ತಿದೆ. ಮೊದಲು ಬರೀ ಗಾಳಿ. ಆಮೇಲೆ ಸ್ವರ. ತುಟಿ ಮರೆತಿರಲಿಲ್ಲ. ಎಬ್ಬಿಸುವ ಹಾಡಿನ ಮೊದಲ ಸಾಲನ್ನು ಊದಿದೆ. ಕೊನೆಯ ಉದ್ದದ ಸ್ವರ ಹೊಗೆ ಎದ್ದ ಹಾಗೆ ನೆಟ್ಟಗೆ ಎದ್ದಿತು. ಕಣ್ಣಲ್ಲಿ ನೀರು ಬಂತು. ಊದುವ ರಭಸಕ್ಕೂ ಹಾಗೆ ಬರುತ್ತದೆ.

ಬಾಗಿಲು ತೆರೆದರೆ ಅವಳು ಹೊರಗೆ ಬಟ್ಟೆ ಮಡಚುತ್ತಾ ಕೂತಿದ್ದಳು. “ಹೇಗಿತ್ತು?” ಅಂದೆ.

“ಏನು?” ಅಂದಳು.

ಇಷ್ಟು ವರ್ಷ ಸಂಸಾರ ಮಾಡಿ ಸಿಕ್ಕ ಮೆಚ್ಚುಗೆ ಇದು.

ಜೂನ್ 24, ಸೋಮವಾರ

ಮತ್ತೆ ಬಂದಿದೆ. ಎಡಗಡೆಯ ಇಂಪ್ಲಾಂಟಿನ ಮೇಲೆ ಅವರೆಕಾಳಿನಷ್ಟು ಊತ. ಬೆರಳಿನಿಂದ ಒತ್ತಿದರೆ ಕೀವು. ಕನ್ನಡಿಯ ಮುಂದೆ ನಿಂತು ಒತ್ತುತ್ತಲೇ ಇದ್ದೆ, ಒತ್ತಿ ಒತ್ತಿ ಖಾಲಿಯಾದರೆ ಮುಗಿದುಹೋಗುತ್ತದೆಯೇನೋ ಎಂಬಂತೆ.

“ಒಸಡು ಬಿಚ್ಚಲೇಬೇಕು” ಎಂದರು ಡಾಕ್ಟರ್. “ಮುಚ್ಚಿಟ್ಟು ತೊಳೆದ್ರೆ ಮೂಲೆಗೆ ಮುಟ್ಟೋದಿಲ್ಲ. ಬಿಚ್ಚಿ, ತಿರುಪಿನ ಒಂದೊಂದು ಸುತ್ತನ್ನೂ ಉಜ್ಜಿ, ಹಳ್ಳಕ್ಕೆ ಮೂಳೆಪುಡಿ ತುಂಬಿ ಹೊಲೀತೀನಿ.”

“ಆಮೇಲೆ ಸರಿಹೋಗುತ್ತಾ?”

“ಕೆಲವರಿಗೆ ಹೋಗುತ್ತೆ.”

“ಕೆಲವರಿಗೆ ಅಂದ್ರೆ?”

“ದೋನ್ ಎವೇಲಿಯೊ, ಸುಳ್ಳು ಹೇಳೋ ಡಾಕ್ಟರ್ ಬೇಕು ಅಂದ್ರೆ ಸಾನ್ ಹೊಸೆಯಲ್ಲಿ ಬೇಕಾದಷ್ಟು ಜನ ಇದ್ದಾರೆ.”

ಬ್ಯಾಂಡಿನ ಮಾಸ್ತರರಿಗೆ ಕೊನೆಗೂ ಹೇಳಬೇಕಾಯಿತು. ಇಂಪ್ಲಾಂಟ್ ಎನ್ನಲಿಲ್ಲ, ಹಲ್ಲುನೋವು ಎಂದೆ. ಹಬ್ಬದ ಬೆಳಗಿಗೆ ಗ್ರೇವಿನ್ ಕೂಡ ಅಭ್ಯಾಸ ಮಾಡಿಟ್ಟುಕೊಳ್ಳಲಿ, ಯಾವುದಕ್ಕೂ ಇರಲಿ, ಎಂದರು. ಯಾವುದಕ್ಕೂ ಇರಲಿ. ಸತ್ತವರ ಮನೆಗೆ ಕುರ್ಚಿ ತರಿಸುವಾಗ ಹೇಳುವ ಮಾತು.

ಜುಲೈ 1, ಸೋಮವಾರ

ಬಿಚ್ಚಿದರು. ಹೊಲಿದರು. ಮಾತಾಡಕೂಡದು, ತುಟಿ ಅಲುಗಿಸಕೂಡದು, ನಗಕೂಡದು. ಕೊನೆಯದನ್ನು ಹೇಳುವ ಅಗತ್ಯವಿರಲಿಲ್ಲ.

ಜುಲೈ 2, ಮಂಗಳವಾರ

ಮುಖ ಕುಂಬಳಕಾಯಿ. ನೋವು.

ಜುಲೈ 3, ಬುಧವಾರ

ನೋವು.

ಜುಲೈ 5, ಶುಕ್ರವಾರ

ಅತ್ತೆ ಬಂದಿದ್ದಾರೆ. ದೋನ್ಯಾ ಎಮೆರಿತಾ ಪರಾಯಿಸೊದಿಂದ ಬಸ್ಸಿನಲ್ಲಿ ಒಬ್ಬರೇ ಬಂದರು, ಚೀಲದ ತುಂಬ ಆಲೂಗಡ್ಡೆ ಹೊತ್ತುಕೊಂಡು. “ಬಾಯಿ ಮುಚ್ಕೊಂಡಿದ್ದಾನಂತೆ, ಇಂಥದ್ದು ಇನ್ನೊಂದು ಸಲ ನೋಡೋಕೆ ಸಿಗುತ್ತಾ, ಅದಕ್ಕೇ ಬಂದೆ” ಎಂದು ಮಗಳಿಗೆ ಹೇಳಿದರು, ನನಗೆ ಕೇಳಿಸುವ ಹಾಗೆಯೇ.

ಮಾತಾಡದೆ ಕೂತರೆ ಮನೆಯಲ್ಲಿ ಎಷ್ಟೊಂದು ಮಾತು ನಡೆಯುತ್ತದೆ ಎಂದು ಗೊತ್ತಾಗುತ್ತದೆ. ಶಾಲೆಯ ಅಡುಗೆಮನೆಯ ಒಲೆ ಕೆಟ್ಟಿದೆ. ಒಬ್ಬಳು ಪುಟ್ಟ ಹುಡುಗಿ ದಿನವೂ ಅನ್ನವನ್ನು ತಮ್ಮನಿಗೆಂದು ಜೇಬಿಗೆ ತುಂಬಿಕೊಳ್ಳುತ್ತಾಳೆ, ಅವಳಿಗೆ ಮುಚ್ಚಳವಿರುವ ಡಬ್ಬಿ ಕೊಟ್ಟಿದ್ದಾಳೆ ಇವಳು. ಹೊಸ ಮುಖ್ಯೋಪಾಧ್ಯಾಯಿನಿ ಹಿಂದಿನಿಂದ ಕರೆದರೆ ಇವಳು ತಿರುಗುವುದಿಲ್ಲವೆಂದು ಸೊಕ್ಕಿನವಳು ಅಂದುಕೊಂಡಿದ್ದಾಳಂತೆ. ಇದನ್ನು ಹೇಳಿ ತಾಯಿ ಮಗಳು ಇಬ್ಬರೂ ನಕ್ಕರು. ಯಾಕೆ ನಕ್ಕರೋ ನನಗೆ ತಿಳಿಯಲಿಲ್ಲ.

ಜುಲೈ 7, ಭಾನುವಾರ

ಇವತ್ತಿನದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ.

ಊಟದ ಮೇಜಿನಲ್ಲಿ ನೀರು ಬೇಕಾಗಿತ್ತು. ಪಿಸುಮಾತಿನಲ್ಲಿ ಕೇಳಿದೆ. ಪಕ್ಕದಲ್ಲೇ ಕೂತವಳು ತಿರುಗಲಿಲ್ಲ. ಇನ್ನೊಮ್ಮೆ ಕೇಳಿದೆ. ಮೂರನೆಯ ಸಲಕ್ಕೆ ಸಿಟ್ಟು ನೆತ್ತಿಗೇರಿ ಚಮಚವನ್ನು ತಟ್ಟೆಗೆ ಬಡಿದೆ. ಅವಳು ಬೆಚ್ಚಿದಳು.

ಅತ್ತೆ ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತದೆಯೇ ಅಂದರು: “ಆ ಕಡೆ ಕೂತು ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ, ಮಗಾ. ಆ ಕಿವಿ ಸತ್ತಿದೆ. ಈ ಕಡೆ ಬಾ.”

ನಾನು ಅವಳ ಮುಖ ನೋಡಿದೆ. ಅವಳು ಸಾರಿನ ಪಾತ್ರೆ ನೋಡುತ್ತಿದ್ದಳು.

“ಎಡಗಿವಿ” ಎಂದಳು. “ತುಂಬಾ ವರ್ಷ ಆಯ್ತು.”

ಯಾಕೆ ಹೇಳಲಿಲ್ಲ ಎಂದು ಕೈಯಲ್ಲೇ ಕೇಳಿದೆ.

“ಹೇಳಿದ್ದೆ. ನೀನು ಊದ್ತಾ ಇದ್ದೆ.”

ಅದರಲ್ಲಿ ಕುಹಕವೇನೂ ಇರಲಿಲ್ಲ. ಉಪ್ಪು ಎಲ್ಲಿದೆ ಎಂದು ಕೇಳಿದರೆ ಹೇಳುವ ದನಿ. ಆಮೇಲೆ ತಾನೇ ಮುಂದುವರಿಸಿದಳು, ಸಮಾಧಾನ ಹೇಳುವವಳ ಹಾಗೆ. ಬಲಗಿವಿ ಸ್ವಲ್ಪ ಕೇಳುತ್ತದಂತೆ. ಉಳಿದದ್ದನ್ನು ಜನರ ತುಟಿ ನೋಡಿ ತಿಳಿದುಕೊಳ್ಳುತ್ತಾಳಂತೆ. “ನಿಂದು ಓದೋಕೆ ಸುಲಭ. ಊದಿ ಊದಿ ನಿನ್ನ ತುಟಿ ಒಂದೊಂದು ಅಕ್ಷರಾನೂ ದಪ್ಪಗೆ ಬರೆಯುತ್ತೆ. ಈಗ ಬಾತುಕೊಂಡಿದೆ ನೋಡು, ಒಂದೂ ತಿಳೀತಿಲ್ಲ.”

ಎದ್ದು ಮೇಜಿನ ಆಚೆ ಬದಿಗೆ ಹೋಗಿ ಕೂತೆ. ಅತ್ತೆ ನೀರು ಬಗ್ಗಿಸಿಕೊಟ್ಟರು. ಕುಡಿಯುವಾಗ ಹೊಲಿಗೆ ಎಳೆದು ಪ್ರಾಣ ಹೋದ ಹಾಗಾಯಿತು.

ಜುಲೈ 11, ಗುರುವಾರ

ಹೊಲಿಗೆ ಬಿಚ್ಚಿದರು. ಗಾಯ ಕೂಡಿಕೊಂಡಿದೆ ಎಂದರು ಡಾಕ್ಟರ್, ಆದರೆ ಮುಖದಲ್ಲಿ ಗೆಲುವಿರಲಿಲ್ಲ. ಒಸಡು ಕುಗ್ಗಿ ಇಂಪ್ಲಾಂಟಿನ ಬೂದುಬಣ್ಣ ಹೊರಗೆ ಕಾಣುತ್ತಿದೆ. ನಕ್ಕರೆ ಎಲ್ಲರಿಗೂ ಕಾಣುತ್ತದೆ. ಮೀಸೆ ಇಳಿಬಿಡಬೇಕು. ಮೀಸೆ ಇಟ್ಟವನು ಟ್ರಂಪೆಟ್ ಊದುವುದು ಕಷ್ಟ. ಊದುವುದಾದರೆ ತಾನೇ.

ಲಿಹಿಯಾ ಶಾಲೆಯ ಅಡುಗೆ ಮುಗಿಸಿ ಬಂದವಳು, “ಬಾಯಿ ಬಿಡು ನೋಡೋಣ” ಎಂದಳು. ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಬೆಳಕಿಗೆ ನನ್ನ ಗದ್ದ ತಿರುಗಿಸಿ, ಬಹಳ ಹೊತ್ತು ನೋಡಿದಳು. “ಪಾಪ” ಅಂದಳು. ಯಾರಿಗೆ ಅಂದಳೋ, ನನಗೋ ಹಲ್ಲಿಗೋ.

ಜುಲೈ 25, ಗುರುವಾರ

ಟ್ರಂಪೆಟ್ಟಿನ ಬಟ್ಟಲನ್ನು ತುಟಿಗೆ ಒತ್ತಿದ ಕೂಡಲೇ ಹಲ್ಲು ಹಿಂದಕ್ಕೆ ಸರಿಯಿತು. ಒಂದೇ ಒಂದು ಕೂದಲೆಳೆಯಷ್ಟು. ಆದರೂ ಸರಿಯಿತು.

ಯಾರಿಗೂ ಹೇಳಿಲ್ಲ.

ಆಗಸ್ಟ್ 2, ಶುಕ್ರವಾರ

ಹೋಗಬಾರದು ಎಂದುಕೊಂಡಿದ್ದೆ. ಲಿಹಿಯಾ ಕೋಟು ತಂದು ಹೆಗಲಿಗೆ ಹಾಕಿದಳು.

ಚೌಕದಲ್ಲಿ ಜನ ಮಲಗಿದ್ದರು, ಕೂತಿದ್ದರು, ಹರಕೆ ಹೊತ್ತು ಮೊಣಕಾಲ ಮೇಲೆ ಚರ್ಚಿನೊಳಗೆ ತೆವಳುತ್ತಿದ್ದರು. ಬೆಟ್ಟದ ಮಂಜು ಬೀದಿದೀಪಗಳ ವರೆಗೆ ಇಳಿದಿತ್ತು. ನನ್ನ ಗುರುತಿನವರು ಒಬ್ಬಿಬ್ಬರು “ಇದೇನು ದೋನ್ ಎವೇಲಿಯೊ, ಈ ಕಡೆ ನಿಂತಿದ್ದೀರಿ?” ಎಂದು ಕೇಳಿದರು. ಬಾಯಿಗೆ ಶಾಲು ಮುಚ್ಚಿಕೊಂಡು ತಲೆ ಆಡಿಸಿದೆ.

ಗ್ರೇವಿನ್ ಮೆಟ್ಟಿಲ ಮೇಲೆ ಬಂದು ನಿಂತ. ಒಮ್ಮೆ ಕೆಮ್ಮಿದ, ಟ್ರಂಪೆಟ್ ಎತ್ತಿದ. ನಾನು ತಪ್ಪು ಹುಡುಕುತ್ತಾ ಕೇಳಿದೆ. ಮೊದಲ ಸಾಲಿನಲ್ಲಿ ಹುಡುಕಿದೆ, ಎರಡನೆಯದರಲ್ಲಿ ಹುಡುಕಿದೆ. ಕೊನೆಯ ಉದ್ದದ ಸ್ವರದಲ್ಲಿ ಖಂಡಿತ ಮುರಿಯುತ್ತಾನೆ ಎಂದು ಕಾದೆ. ಅವನು ಅದನ್ನು ನನಗಿಂತ ಹೆಚ್ಚು ಹೊತ್ತು ಹಿಡಿದ. ಜನ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಶಾಲನ್ನು ಇನ್ನೂ ಮೇಲಕ್ಕೆ ಎಳೆದುಕೊಂಡೆ.

“ಮುಗೀತಾ?” ಎಂದು ಲಿಹಿಯಾ ಕೇಳಿದಳು.

“ಮುಗೀತು” ಎಂದೆ.

ಅತ್ತೆ ಚರ್ಚಿನೊಳಗಿಂದ ಬಂದರು. ಹರಕೆಗೆಂದು ಬೆಳ್ಳಿಯ ಪುಟ್ಟ ಅವಯವಗಳನ್ನು ಮಾರುವವಳ ಹತ್ತಿರ ಹಲ್ಲು ಇರಲಿಲ್ಲವಂತೆ. ಕಾಲು, ಕೈ, ಹೃದಯ, ಕಣ್ಣು ಎಲ್ಲ ಇತ್ತಂತೆ. “ಬಾಯಿ ಒಂದು ತಗೊಂಡೆ ನಿನಗೆ, ಕಿವಿ ಒಂದು ಇವಳಿಗೆ. ಎರಡನ್ನೂ ಒಂದೇ ಮೊಳೆಗೆ ನೇತುಹಾಕಿ ಬಂದಿದ್ದೀನಿ. ಯಾರದ್ದು ಮೊದಲು ಕೊಡ್ತಾಳೋ ಕೊಡ್ಲಿ, ಜಗಳ ಆಡಬೇಡಿ.”

ಮಾತೆ ಇಬ್ಬರದ್ದೂ ಕೊಡುವುದಿಲ್ಲ. ನನಗೆ ಗೊತ್ತು.

ಆಗಸ್ಟ್ 15, ಗುರುವಾರ

ಎಡಗಡೆಯದು ಪೂರ್ತಿ ಸಡಿಲ. ಬಲಗಡೆಯದರ ಸುತ್ತಲೂ ಮೂಳೆ ಉಳಿದಿರುವುದು ತಿರುಪಿನ ತುದಿಯಲ್ಲಿ ಮಾತ್ರ.

“ತೆಗೀಬೇಕು” ಎಂದರು ಡಾಕ್ಟರ್. ಈ ಸಲ ನನ್ನ ಮುಖ ನೋಡಿಯೇ ಹೇಳಿದರು. “ಇಟ್ಕೊಂಡಷ್ಟೂ ಪಕ್ಕದ ಹಲ್ಲಿನ ಮೂಳೇನೂ ತಿನ್ನುತ್ತೆ. ನಂಗೆ ಆಗೋದೆಲ್ಲ ಮಾಡಿದ್ದೀನಿ, ದೋನ್ ಎವೇಲಿಯೊ.”

“ಹೊಸದು ಹಾಕೋಕಾಗಲ್ವಾ?”

“ಸೊಂಟದಿಂದ ಮೂಳೆ ತೆಗೆದು ಇಲ್ಲಿಗೆ ಕೂರಿಸ್ಬೇಕು, ವರ್ಷಗಟ್ಟಲೆ ಕಾಯ್ಬೇಕು, ಅದೂ ನಿಲ್ಲುತ್ತೆ ಅಂತ ಹೇಳೋಕಾಗಲ್ಲ. ನಿಂತರೂ ಅದರ ಮೇಲೆ ಟ್ರಂಪೆಟ್ ಒತ್ತೋಕೆ ನಾನು ಬಿಡಲ್ಲ.”

ಕುರ್ಚಿಯಲ್ಲಿ ಮಲಗಿ ಮೇಲಿನ ದೀಪ ನೋಡುತ್ತಿದ್ದೆ. ಅವರು ಕೈಗವಸು ತೆಗೆದು ನನ್ನ ಭುಜದ ಮೇಲೆ ಕೈ ಇಟ್ಟರು. ಆ ಕೈ ಸಾಕಷ್ಟು ಹೊತ್ತು ಅಲ್ಲೇ ಇತ್ತು. ಬೈಯಲು ಯಾರಾದರೂ ಸಿಗಲಿ ಎಂದು ಎಷ್ಟು ಯೋಚಿಸಿದರೂ ಸಿಗಲಿಲ್ಲ.

ನಮ್ಮ ದೇಶದಲ್ಲಿ ಇವತ್ತು ತಾಯಂದಿರ ದಿನ. ಮನೆಯಲ್ಲಿ ಅತ್ತೆ ಕೇಕು ಹಿಡಿದು ಕಾಯುತ್ತಿದ್ದರು. ನನ್ನ ಮುಖ ನೋಡಿ ಚಾಕುವನ್ನು ಕೆಳಗಿಟ್ಟರು. ಲಿಹಿಯಾಳ ಬಲಗಡೆ ಕೂತು ವಿಷಯ ಹೇಳಿದೆ. ಒಂದೇ ಸಲ ಹೇಳಿದರೆ ಸಾಕಾಯಿತು.

ಆಗಸ್ಟ್ 26, ಸೋಮವಾರ

ತೆಗೆದರು. ತಿರುಪನ್ನು ಹಿಂದಕ್ಕೆ ತಿರುಗಿಸುವ ಸಣ್ಣ ಯಂತ್ರವೊಂದನ್ನು ಸಿದ್ಧ ಮಾಡಿಟ್ಟುಕೊಂಡಿದ್ದರು. ಎಡಗಡೆಯದಕ್ಕೆ ಅದು ಬೇಕಾಗಲೇ ಇಲ್ಲ. ಬೆರಳಲ್ಲೇ ಬಂತು, ಹಣ್ಣಾದ ಪೇರಳೆ ಬಂದ ಹಾಗೆ.

ಸೆಪ್ಟೆಂಬರ್ 1, ಭಾನುವಾರ

ಮೇಲ್ದುಟಿ ಒಳಕ್ಕೆ ಬಿದ್ದಿದೆ. ಕನ್ನಡಿಯಲ್ಲಿ ನನ್ನ ಅಜ್ಜ ನಿಂತಿದ್ದಾನೆ.

ಮಾಸ್ತರರು ಬಂದಿದ್ದರು. ಸಂಗೀತದ ಹಾಳೆಗಳನ್ನು ನೋಡಿಕೊಳ್ಳುವ ಕೆಲಸವಿದೆ, ತಾಳವಾದ್ಯಕ್ಕೂ ಜನ ಬೇಕು, ಯೋಚಿಸು ಎಂದರು. ಯೋಚಿಸುತ್ತೇನೆ ಎಂದೆ. ಯೋಚಿಸುವುದೇನಿದೆ. ಟ್ರಂಪೆಟ್ಟನ್ನು ಅಲಮಾರಿನ ಮೇಲೆ, ಚಳಿಗಾಲದ ಕಂಬಳಿಗಳ ಹಿಂದೆ ಇಟ್ಟೆ. ಕಣ್ಣಿಗೆ ಬೀಳದಿದ್ದರೆ ಸಾಕು. ಬೆಳಿಗ್ಗೆ ಎದ್ದರೆ ಏನಕ್ಕೆ ಎದ್ದೆ ಎಂದು ತಿಳಿಯದೆ ಮಂಚದ ಅಂಚಿನಲ್ಲಿ ಕೂತಿರುತ್ತೇನೆ. ತುಟಿ ತಾನಾಗಿಯೇ ಬಿಗಿದುಕೊಂಡು ಸ್ವರಕ್ಕೆ ಸಿದ್ಧವಾಗುತ್ತದೆ. ಅದಕ್ಕೆ ಯಾರೂ ಹೇಳಿಲ್ಲ, ಪಾಪ.

ಗ್ರೇವಿನ್ ಕೂಡ ಬಂದ. ಬಾಗಿಲಲ್ಲೇ ನಿಂತು ಟೋಪಿ ತಿರುಗಿಸುತ್ತಾ, “ಆ ಉದ್ದದ ಸ್ವರಕ್ಕೆ ನೀವು ಉಸಿರು ಎಲ್ಲಿಂದ ತಗೋತಿದ್ರಿ ಗುರುಗಳೇ? ನಂಗೆ ಎದೆ ಒಡೆದುಹೋಗೋ ಹಾಗಾಯ್ತು” ಎಂದ. ಅಳಬಾರದೆಂದು ಬಾಗಿಲು ಹಾಕಿದೆ. ಮುಖಕ್ಕೆ ಬಡಿದ ಹಾಗೆ ಆಗಿರಬೇಕು ಅವನಿಗೆ.

ಸೆಪ್ಟೆಂಬರ್ 5, ಗುರುವಾರ

ಹಾಕಿ ತೆಗೆಯುವ ಹಲ್ಲಿನ ಸೆಟ್ಟು ಕೊಟ್ಟರು. ಪ್ಲಾಸ್ಟಿಕ್ ಅಂಗುಳ, ಅದಕ್ಕೆ ನಾಲ್ಕು ಹಲ್ಲು, ಪಕ್ಕದ ಹಲ್ಲಿಗೆ ಸಿಕ್ಕಿಸಲು ತಂತಿ. ಮೂಳೆ ಹಳ್ಳಬಿದ್ದ ಜಾಗದಲ್ಲಿ ಅದು ಕೂರುವುದಿಲ್ಲ, ಒತ್ತುತ್ತದೆ.

“ಗಾಯ ಇನ್ನೂ ಹಸಿ ಇದೆ” ಎಂದರು ಡಾಕ್ಟರ್. “ಹೊರಗೆ ನಾಲ್ಕು ಜನರ ಮುಂದೆ ಹೋಗುವಾಗ ಮಾತ್ರ ಹಾಕ್ಕೊಳ್ಳಿ. ಮನೇಲಿ ತೆಗೆದಿಟ್ಟುಬಿಡಿ. ಒಸಡಿಗೆ ಗಾಳಿ ಆಡಬೇಕು.”

ಮನೆಗೆ ಬಂದು ತೆಗೆದಿಟ್ಟೆ. ಸಂಜೆ ಲಿಹಿಯಾ ಒಳಗೆ ಬಂದಾಗ, ಎದುರು ಮನೆಯ ದೋನ್ಯಾ ಫ್ಲೋರಿತಾ ಫೋನ್ ಮಾಡಿದ್ದರು ಎಂದೆ. ನನ್ನ ತುಟಿಯನ್ನೇ ನೋಡಿದಳು. “ಯಾರು?” ಅಂದಳು. ಮತ್ತೆ ಹೇಳಿದೆ. “ಇನ್ನೊಂದ್ಸಲ?” ಅಂದಳು. ಕೊನೆಗೆ ಸುಮ್ಮನೆ ತಲೆಯಾಡಿಸಿ ಅಡುಗೆಮನೆಗೆ ಹೋದಳು. ಅರ್ಥವಾಗದಿದ್ದಾಗ ಅವಳು ಹಾಗೆ ತಲೆಯಾಡಿಸುತ್ತಾಳೆ. ಈಗ ನನಗೆ ಗೊತ್ತಾಗುತ್ತದೆ.

ಮೇಲಿನ ಹಲ್ಲು ಕೆಳತುಟಿಗೆ ತಾಗದೆ ಫ ಹುಟ್ಟುವುದಿಲ್ಲ, ವ ಹುಟ್ಟುವುದಿಲ್ಲ. ಬರೀ ಗಾಳಿ ಹೋಗುತ್ತದೆ.

ಸೆಪ್ಟೆಂಬರ್ 12, ಗುರುವಾರ

ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಲಿಹಿಯಾಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಇಷ್ಟವಿರಲಿಲ್ಲ. “ಸತ್ತದ್ದನ್ನ ಪರೀಕ್ಷೆ ಮಾಡಿ ಏನ್ ಮಾಡ್ತಾರೆ” ಎನ್ನುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೆ ಇಷ್ಟ, ಆದರೆ ಅಲ್ಲಿ ಕೂತರೆ ನನ್ನ ಕಡೆಗೆ ಎಡಗಿವಿ ಬರುತ್ತಿತ್ತು. ಆಚೆ ಸಾಲಿನ ಕಿಟಕಿಯವನನ್ನು ಕೇಳಿಕೊಂಡು ಜಾಗ ಬದಲಾಯಿಸಿದೆ. ಅವನು ಗೊಣಗಿದ.

ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಅವಳನ್ನು ಕೂರಿಸಿದರು. ಸದ್ದು ಕೇಳಿದಾಗ ಕೈ ಎತ್ತಬೇಕು. ನಾನು ಹೊರಗಿನಿಂದ ನೋಡುತ್ತಿದ್ದೆ. ತಂತ್ರಜ್ಞೆ ಗುಂಡಿ ಒತ್ತುತ್ತಾಳೆ, ಒತ್ತುತ್ತಾಳೆ, ಲಿಹಿಯಾಳ ಕೈ ತೊಡೆಯ ಮೇಲೆಯೇ ಇದೆ. ಪರೀಕ್ಷೆ ಶುರುವಾಗಿಲ್ಲವೇನೋ ಎಂಬಂತೆ ಶಾಂತವಾಗಿ, ವಿಧೇಯಳಾಗಿ ಕಾಯುತ್ತಾ ಕೂತಿದ್ದಾಳೆ. ಅದನ್ನು ನೋಡಲಾಗಲಿಲ್ಲ. ನೋಡಿದೆ.

ಎಡಗಿವಿ ಹೋಗಿದೆ. ಬಲಗಿವಿಯೂ ಹೋಗುತ್ತಿದೆ. ಕಿವಿಗೆ ಹಾಕುವ ಯಂತ್ರಕ್ಕೆ ಹೆಸರು ಬರೆಸಿದ್ದೇವೆ, ಸರದಿ ಬಂದಾಗ ಕರೆಯುತ್ತಾರಂತೆ. ಬಂದರೂ ಎಷ್ಟು ಕಾಲ ಪ್ರಯೋಜನವಾದೀತೋ ಹೇಳಲಾಗದು ಎಂದರು.

ಮನೆಯಲ್ಲಿ ಟ್ರಂಪೆಟ್ ಊದಿದ್ದರಿಂದ ಹೀಗಾಯಿತೇ ಎಂದು ಕೇಳಿದೆ. ವೈದ್ಯರು ಭುಜ ಕುಣಿಸಿದರು. “ಆಗಿರಬಹುದು. ಆಗದೇ ಇರಬಹುದು. ಅವರ ಮನೆತನದಲ್ಲಿ ಯಾರಿಗಾದರೂ ಇತ್ತಾ?”

ಹೊರಗೆ ಬಂದ ಮೇಲೆ ಲಿಹಿಯಾ ಕೇಳಿದಳು, “ಏನಂದ್ರು?”

ಆಸ್ಪತ್ರೆಯ ಗೋಡೆಯ ಪಕ್ಕ ನಿಲ್ಲಿಸಿ, ಎದುರಿಗೆ ನಿಂತು, ಎಲ್ಲವನ್ನೂ ಹೇಳಿದೆ. ಸೆಟ್ಟು ಒಸಡನ್ನು ಕೊಯ್ಯುತ್ತಿತ್ತು. ಅವಳು ನನ್ನ ಬಾಯಿಯಿಂದ ಕಣ್ಣು ತೆಗೆಯಲಿಲ್ಲ.

“ಸರಿ” ಎಂದಳು. “ಮಾರ್ಕೆಟ್ಟಿಗೆ ಹೋಗಿ ಬರೋಣ. ಮನೇಲಿ ಈರುಳ್ಳಿ ಇಲ್ಲ.”

ಸೆಪ್ಟೆಂಬರ್ 14, ಶನಿವಾರ

ನಮ್ಮ ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ. ಮಕ್ಕಳೆಲ್ಲ ಕಾಗದದ ದೀಪ ಹಿಡಿದು ಬೀದಿಯಲ್ಲಿ. ಬ್ಯಾಂಡು ನಮ್ಮ ಬೀದಿಯಿಂದಲೇ ಹೋಗುತ್ತದೆ. ಕಿಟಕಿ ಹಾಕೋಣ ಎಂದು ಎದ್ದೆ. ಲಿಹಿಯಾ ಕಿಟಕಿಯಲ್ಲಿ ನಿಂತು ದೀಪಗಳನ್ನು ನೋಡುತ್ತಿದ್ದಳು.

ಮೂಲೆಯ ಆಚೆ ಡೋಲು ಶುರುವಾಯಿತು. ಆಮೇಲೆ ಟ್ರಂಪೆಟ್ಟುಗಳು. ಗ್ರೇವಿನ್‌ನ ಸ್ವರ ಗುರುತು ಸಿಕ್ಕಿತು, ಎಲ್ಲರಿಗಿಂತ ಮೇಲೆ, ಒಂದಿಷ್ಟು ಅವಸರದಲ್ಲಿ. ನನ್ನ ತುಟಿ ಬಿಗಿದುಕೊಂಡಿತು.

“ಬ್ಯಾಂಡ್ ಇನ್ನೂ ಬಂದಿಲ್ವಾ?” ಎಂದು ತಿರುಗಿ ಕೇಳಿದಳು.

ಸದ್ದು ಗಾಜನ್ನು ಅಲುಗಿಸುತ್ತಿತ್ತು.

“ಬರ್ತಾ ಇದೆ” ಎಂದೆ. “ಈಗ ತಿರುವಿನಲ್ಲಿದೆ. ಗ್ರೇವಿನ್ ಅವಸರ ಮಾಡ್ತಿದ್ದಾನೆ.”

“ಹೇಳ್ಬಾರ್ದಾ ಅವನಿಗೆ?”

“ಹೇಳ್ತೀನಿ” ಎಂದೆ. ಹೇಳುತ್ತೇನೋ ಇಲ್ಲವೋ. ಮೆರವಣಿಗೆ ಮುಗಿಯುವವರೆಗೆ ಕಿಟಕಿಯಲ್ಲೇ ನಿಂತಿದ್ದೆವು. ಯಾವ ವಾದ್ಯ ಏನು ನುಡಿಸುತ್ತಿದೆ ಎಂದು ಅವಳು ಕೇಳುತ್ತಿದ್ದಳು, ಹೇಳಬೇಕಾಯಿತು. ಬಾಯಿಯ ತುಂಬ ಹುಣ್ಣು.

ಸೆಪ್ಟೆಂಬರ್ 22, ಭಾನುವಾರ

ಬರೆಯಲು ಏನೂ ಇಲ್ಲ. ಮಳೆ. ಪಾರ್ಕಿನಲ್ಲಿ ಕಛೇರಿ ಇತ್ತು, ಹೋಗಲಿಲ್ಲ. ನನ್ನ ಬದುಕಿನಲ್ಲಿ ಇನ್ನು ಭಾನುವಾರಗಳೇ ಇರದಿದ್ದರೆ ಒಳ್ಳೆಯದಿತ್ತು.

ಅಕ್ಟೋಬರ್ 3, ಗುರುವಾರ

ಡಾಕ್ಟರ್ ಉಮಾನ್ಯಾ ಬೈದರು. ಒಸಡು ಹುಣ್ಣಾಗಿ ಬೆಳ್ಳಗಾಗಿದೆ, ಹೊಲಿದ ಜಾಗ ಒಂದು ಕಡೆ ಬಿಟ್ಟುಕೊಂಡಿದೆ.

“ಬೆಳಗಿಂದ ಸಂಜೆವರೆಗೂ ಹಾಕ್ಕೊಂಡೇ ಇದ್ದೀರಿ. ನೋಡಿದ್ರೆ ಗೊತ್ತಾಗುತ್ತೆ. ಅಷ್ಟು ಹೊತ್ತು ಎಲ್ಲಿಗೆ ಹೋಗ್ತೀರಿ ನೀವು?”

“ಎಲ್ಲೂ ಹೋಗಲ್ಲ. ಮನೇಲೇ ಇರ್ತೀನಿ.”

“ಮತ್ತೆ? ಮನೇಲಿ ಹಲ್ಲು ಯಾರಿಗೆ ತೋರಿಸ್ಬೇಕು? ಎಲ್ಲರೂ ಹೊರಗೆ ಹಾಕ್ಕೊಂಡು ಮನೇಲಿ ತೆಗೀತಾರೆ. ನೀವು ಉಲ್ಟಾ.”

ಹುಣ್ಣಿಗೆ ಮುಲಾಮು ಕೊಟ್ಟು, ಸೆಟ್ಟನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟು, ಹೀಗೇ ಮಾಡಿದರೆ ಆ ಮೂಳೆಯೂ ಉಳಿಯುವುದಿಲ್ಲ ಎಂದರು. ಉಳಿದು ಏನಾಗಬೇಕಿದೆ ಎಂದು ಬಾಯಿಗೆ ಬಂದಿತ್ತು.

ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಮಾರ್ಕೆಟ್ಟಿಗೆ ಹೋದೆ. ಸೀಮೆಬದನೆ ಮಾರುವವಳು ನನ್ನ ಬೊಚ್ಚುಬಾಯಿ ನೋಡಿ ಕಣ್ಣು ತಗ್ಗಿಸಿದಳು, ಬಲಿತದ್ದನ್ನು ತೆಗೆದು ಎಳೆಯದನ್ನು ಆರಿಸಿ ಕೊಟ್ಟಳು. ಬೀದಿಯಲ್ಲಿ ಇಬ್ಬರು ಮೂವರು ಗುರುತಿನವರು ಸಿಕ್ಕಿದರು. ನಿಂತು ಮಾತಾಡಿದೆ. ಅವರಿಗೆ ನನ್ನ ಮಾತು ಎಷ್ಟು ತಿಳಿಯಿತೋ ಏನೋ.

ಗೇಟಿನ ಹತ್ತಿರದ ನಲ್ಲಿಯಲ್ಲಿ ಸೆಟ್ಟು ತೊಳೆದು ಹಾಕಿಕೊಂಡೆ. ಕಣ್ಣಿಗೆ ಕತ್ತಲೆ ಬಂತು. ಗೋಡೆ ಹಿಡಿದು ನಿಂತು, ನೋವು ಸ್ವಲ್ಪ ಇಳಿದ ಮೇಲೆ ಒಳಗೆ ಹೋದೆ. ಲಿಹಿಯಾ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಮೇಜನ್ನು ಸುತ್ತಿ ಬೆಳಕು ಬೀಳುವ ಕಡೆಯಿಂದ ಹೋಗಿ ಎದುರಿಗೆ ನಿಂತೆ.

“ಕಾಫಿ ಇದೆಯಾ?” ಎಂದೆ.

“ಈಗ ಸೋಸಿದೆ, ಕೂತ್ಕೋ” ಎಂದಳು.

ಡಾಕ್ಟರ್ ಏನಂದರು ಎಂದು ಕೇಳಿದಳು. ಎಲ್ಲ ಸರಿಯಿದೆಯಂತೆ ಎಂದೆ. ಶಾಲೆಗೆ ಹೊಸ ಒಲೆ ಬಂದದ್ದನ್ನು ಹೇಳಿದಳು, ಮುಖ್ಯೋಪಾಧ್ಯಾಯಿನಿ ಈಗ ಎದುರಿಗೆ ಬಂದೇ ಮಾತಾಡುತ್ತಾಳಂತೆ. ಊಟದ ಹೊತ್ತಿಗೆ ಬಾಯಿ ಉರಿದು ಉರಿದು ರುಚಿ ಯಾವುದೂ ತಿಳಿಯಲಿಲ್ಲ. ನನಗೆ ಇನ್ನು ವಾಸಿಯಾಗುವುದಿಲ್ಲ.

ಮಲಗುವಾಗ ಅವಳು ಏನೋ ಕೇಳಿದಳು, ಉತ್ತರ ಹೇಳಿದೆ. ದೀಪ ಆರಿಸಿದಳು. ಕತ್ತಲಲ್ಲಿ ತುಟಿ ಕಾಣುವುದಿಲ್ಲವಲ್ಲ, ಆಮೇಲೆ ಸೆಟ್ಟು ತೆಗೆದೆ.